ಎಣಿಸಲು ಬಂದ ಟೈಲರಕ್ಕ

ಪಾಂಡವಪುರದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನ ಜೆರಾಕ್ಸ್ ಅಂಗಡಿಗೂ ಅವರ ಹೊಲಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಹದಿನಾಲ್ಕು ವರ್ಷ ಆ ಗೋಡೆಯಾಚೆಯ ಮಿಷನ್ನಿನ ಸದ್ದು ಕೇಳುತ್ತಲೇ ನಾನು ವ್ಯಾಪಾರ ಮಾಡಿದೆ. ಸದ್ದು ಒಮ್ಮೆಲೇ ನಿಂತರೆ ಯಾರಿಗೋ ಬೈಗುಳ ಶುರುವಾಯಿತು ಎಂದೇ ಅರ್ಥ. ಅವರು ತೀರಿಕೊಂಡು ವರ್ಷವಾಗುತ್ತಾ ಬಂತು. ಆ ಅಂಗಡಿಯಲ್ಲಿ ಈಗ ಮೊಬೈಲಿನ ಕವರು ಮಾರುತ್ತಾರೆ. ಗೋಡೆಯ ಕಡೆಯಿಂದ ಏನೂ ಕೇಳಿಸುವುದಿಲ್ಲ.

ಊರೆಲ್ಲ ಅವರನ್ನು ಟೈಲರಕ್ಕ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆಯುತ್ತೇನೆ. ನಿಜವಾದ ಹೆಸರು ಬರೆಯಲು ನನಗೆ ಧೈರ್ಯ ಸಾಲದು. ಅದರಲ್ಲೊಂದು ಒತ್ತಕ್ಷರ ತಪ್ಪಿದರೆ ಎದ್ದು ಬಂದಾರು. ಒಮ್ಮೆ ಮತದಾರರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಗಂಡು’ ಎಂದು ಅಚ್ಚಾಗಿತ್ತು. ಓಟು ಹಾಕಲು ಅದರಿಂದ ತೊಂದರೆಯೇನಿಲ್ಲ, ಮುಂದಿನ ಸಲ ಸರಿಮಾಡೋಣ ಎಂದು ಕಚೇರಿಯ ಗುಮಾಸ್ತರು ಸಮಾಧಾನ ಹೇಳಿದರು. ಅಕ್ಕ ಮೂರು ದಿನ ಅಂಗಡಿ ಮುಚ್ಚಿ ಆ ಕಚೇರಿಯ ಬಾಗಿಲಲ್ಲಿ ನಿಂತರು. “ಲಂಗ ಒಲಿಯೋಳು ನಾನು ಸ್ವಾಮಿ, ನನ್ ಲಿಂಗ ನೀವ್ ಬದಲಾಯ್ಸಿ ಕುಂತಿದ್ದೀರಾ?” ಎಂದು ಕೇಳಿದ್ದು ಇಡೀ ಕಚೇರಿಗೆ ಕೇಳಿಸಿತಂತೆ. ನಾಲ್ಕನೆಯ ದಿನ ತಿದ್ದುಪಡಿಯಾಯಿತು.

ತವರು ಕ್ಯಾತನಹಳ್ಳಿಗೆ ಹತ್ತಿರದ ಒಂದು ಸಣ್ಣ ಹಳ್ಳಿ. ಕಬ್ಬು, ನಾಲ್ಕು ಹಸು, ಮೂವರು ಅಣ್ಣಂದಿರು, ಒಬ್ಬ ತಂಗಿ. ಕೊಟ್ಟದ್ದು ಕೆ.ಆರ್. ಪೇಟೆಗೆ. ಗಂಡ ಅಲ್ಲೇ ಎರಡು ಬೀದಿಯಾಚೆ ಇನ್ನೊಂದು ಸಂಸಾರ ಹೂಡಿದಾಗ, ಹೊಂದಿಕೊಂಡು ಹೋಗು ಎಂದು ಎರಡೂ ಮನೆಯ ಹಿರಿಯರು ಕೂತು ತೀರ್ಮಾನ ಮಾಡಿದರಂತೆ. ಅಕ್ಕ ಆ ತೀರ್ಮಾನವನ್ನು ಪೂರ್ತಿ ಕೇಳಿದರು. ಬೆಳಿಗ್ಗೆ ಎದ್ದು ತಮ್ಮ ಹೊಲಿಗೆ ಮಿಷನ್ನನ್ನು ಬಸ್ಸಿನ ಟಾಪಿಗೆ ಏರಿಸಿ ಪಾಂಡವಪುರದಲ್ಲಿ ಇಳಿದರು. ಅಣ್ಣಂದಿರ ಮನೆಗೂ ಹೋಗಲಿಲ್ಲ. ಓಟು ಮಾತ್ರ ತವರಿನಲ್ಲೇ ಉಳಿಸಿಕೊಂಡಿದ್ದರು. “ಅಲ್ಲಿ ನಂಗೆ ಬಾಗ ಅಂತ ಉಳ್ದಿರೋದು ಅದೊಂದೆ ಕಣೋ” ಎನ್ನುತ್ತಿದ್ದರು.

ಅಳತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೋದ ವರ್ಷದ ಅಳತೆಗೇ ಹೊಲಿಯಿರಿ, ನಾನೇನೂ ದಪ್ಪಗಾಗಿಲ್ಲ ಎಂದು ಯಾರಾದರೂ ಹೇಳಿದರೆ ಟೇಪು ಹಿಡಿದು ಎದ್ದೇ ಬಿಡುತ್ತಿದ್ದರು. “ನೀವ್ ಯೋಳ್ಬೇಡಿ, ಟೇಪ್ ಯೋಳ್ಲಿ.” ಈ ಮಾತನ್ನು ದಿನಕ್ಕೆ ಹತ್ತು ಸಲ ಗೋಡೆಯ ಈಚೆಯಿಂದ ಕೇಳಿದ್ದೇನೆ. ಅವರು ಹೊಲಿದ ರವಿಕೆ ತೋಳಿನ ಹತ್ತಿರ ಹಿಡಿಯಿತು ಎಂದವರನ್ನು ನಾನು ಕಾಣೆ. ಅವರ ಮಾತು ಹಿಡಿಯಿತು ಎಂದವರು ಬೇಕಾದಷ್ಟು ಜನ ಇದ್ದರು.

ಚುನಾವಣೆ ಬಂತೆಂದರೆ ಅಕ್ಕನಿಗೆ ಎಲ್ಲಿಲ್ಲದ ಕಳೆ. ಲೋಕಸಭೆಯ ಕೊನೆಯ ಹಂತದ ಮತದಾನ ಮುಗಿದ ಸಂಜೆ ಎದುರಿನ ಟಿ.ವಿ. ರಿಪೇರಿ ಅಂಗಡಿಯ ಮುಂದೆ ಸಮೀಕ್ಷೆ ನೋಡಲು ಜನ ಸೇರುತ್ತಿದ್ದರು. ಯಾರಿಗೆ ಎಷ್ಟು ಸೀಟು ಎಂದು ಪರದೆಯ ತುಂಬ ಬಣ್ಣದ ಪಟ್ಟಿಗಳು. ಒಂದು ಸಲ ಅಕ್ಕ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ರಸ್ತೆ ದಾಟಿ ಆ ಗುಂಪಿನ ನಡುವೆ ನಿಂತರು.

“ಇವ್ರು ಯಾರನ್ನ ಕೇಳಿ ಬರ್ದವ್ರೆ?”

“ಜನುವ ಕೇಳವ್ರೆ ಕಣಕ್ಕ.”

“ನಿನ್ನ ಕೇಳುದ್ರಾ?”

“ಇಲ್ಲ.”

“ನಿನ್ನ?”

ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು. ಯಾರನ್ನೂ ಯಾರೂ ಕೇಳಿರಲಿಲ್ಲ. ಅಷ್ಟಕ್ಕೆ ಬಿಡಲಿಲ್ಲ. ಮುಂದಿನ ಮೂರು ದಿನ ಅಂಗಡಿಗೆ ಬಂದ ಪ್ರತಿ ಹೆಂಗಸಿಗೂ ಮೊದಲು ಅದೇ ಪ್ರಶ್ನೆ, ಆಮೇಲೆ ಅಳತೆ. ತೊಣ್ಣೂರಿನಿಂದ ಬಂದ ಒಬ್ಬಾಕೆ ಮಾತ್ರ ತನ್ನ ಮನೆಗೆ ಯಾರೋ ಬಂದು ಕೇಳಿದ್ದು ನಿಜ ಎಂದಳು. ಅಕ್ಕ ಹಿಗ್ಗಿ, “ಏನ್ ಯೋಳ್ದೆ?” ಎಂದರು. “ಸುಳ್ ಯೋಳ್ದೆ ಕಣಕ್ಕ, ಅವ್ರಿಗ್ಯಾಕೆ ನಮ್ ಓಟಿನ ಇಚಾರ” ಎಂದಳಂತೆ. ಆಕೆಯ ರವಿಕೆಯನ್ನು ಅಕ್ಕ ಅದೇ ದಿನ ಹೊಲಿದು ಕಳಿಸಿದರು.

ನಾನಾಗ ಒಂದು ದೊಡ್ಡ ಪಕ್ಷದ ಕಡೆ ಓಡಾಡುತ್ತಿದ್ದೆ. ಪಕ್ಷದ ಕರಪತ್ರ, ಪಟ್ಟಿ, ಎಲ್ಲ ನನ್ನ ಅಂಗಡಿಯಲ್ಲೇ ಪ್ರತಿಯಾಗುತ್ತಿದ್ದವು. ಮತ ಎಣಿಕೆಗೆ ನನ್ನನ್ನು ಏಜೆಂಟನನ್ನಾಗಿ ಮಾಡಿದರು. ಎಣಿಕೆಯ ಮೇಜಿನ ಎದುರು ಕೂತು, ಅಧಿಕಾರಿ ಮತಯಂತ್ರದಲ್ಲಿ ತೋರಿಸುವ ಸಂಖ್ಯೆ ಬರೆದುಕೊಂಡು, ಕೊನೆಗೆ ಹಾಳೆಗೆ ರುಜು ಹಾಕುವ ಕೆಲಸ. ಅದೇ ಸಲ ಅಕ್ಕನೂ ಏಜೆಂಟಾದರು, ಒಬ್ಬ ಪಕ್ಷೇತರನಿಗೆ. ಆತ ಕೆ.ಆರ್. ಪೇಟೆ ಕಡೆಯ ನಿವೃತ್ತ ನೀರುಗಂಟಿ, ನಾಲೆಯ ತೂಬು ತೆರೆದು ಮುಚ್ಚುತ್ತಿದ್ದವನು. ನಾಲೆಯ ಕೊನೆಯ ಭಾಗಕ್ಕೆ ನೀರು ಬರುವುದಿಲ್ಲ ಎಂಬ ಒಂದೇ ಮಾತು ಹಿಡಿದು ಇಸ್ತ್ರಿಪೆಟ್ಟಿಗೆಯ ಗುರುತಿನಲ್ಲಿ ನಿಂತಿದ್ದ. ಠೇವಣಿ ಉಳಿಯುವುದಿಲ್ಲ ಎಂದು ಅವನಿಗೇ ಗೊತ್ತಿತ್ತು.

“ಅವ್ನಿಗ್ಯಾಕೆ ಅಕ್ಕ ನೀವು?” ಎಂದು ಕೇಳಿದೆ.

“ನಿಮ್ಮೋರು ಬಂದು ಕೈ ಮುಗ್ದು ಓದ್ರು. ಆವಪ್ಪ ಬಂದು ಕುಂತ್ಕೊಂಡ. ಕಾಪಿ ಕುಡ್ದ. ನೀನೇನ್ ಯೋಳ್ತೀಯವ್ವ ಅಂತ ಕೇಳ್ದ. ಸಾಲ್ದಾ?”

ಎಣಿಕೆ ನಡೆದದ್ದು ಜಿಲ್ಲಾ ಕೇಂದ್ರದ ಒಂದು ಕಾಲೇಜಿನಲ್ಲಿ. ಮೊಬೈಲುಗಳನ್ನು ಗೇಟಿನಲ್ಲೇ ಇಟ್ಟು, ಪೆನ್ನು ಮತ್ತು ಹಾಳೆ ಮಾತ್ರ ಹಿಡಿದು ಬೆಳಿಗ್ಗೆ ಆರೂವರೆಗೇ ಒಳಗೆ ಹೋದೆವು. ಕಂಬಿಯ ಜಾಲರಿಯ ಆಚೆ ಮೇಜು, ಈಚೆ ನಮ್ಮ ಬೆಂಚು. ನನ್ನದೂ ಅಕ್ಕನದೂ ಒಂದೇ ಮೇಜು. ಎಂಟು ಗಂಟೆಗೆ ಅಂಚೆ ಮತ, ಆಮೇಲೆ ಯಂತ್ರಗಳು. ಎರಡನೆಯ ಸುತ್ತು ಮುಗಿಯುವಷ್ಟರಲ್ಲೇ ಹೊರಗಿನ ಸುದ್ದಿ ಪೊಲೀಸರ ಬಾಯಲ್ಲಿ, ಚಹಾ ತಂದವರ ಬಾಯಲ್ಲಿ ಒಳಗೆ ಬರುತ್ತಿತ್ತು. ದೇಶದಲ್ಲಿ ಇಂಥವರಿಗೆ ಇಷ್ಟು ಕಡೆ ಮುನ್ನಡೆ, ರಾಜ್ಯದಲ್ಲಿ ಇಷ್ಟು ಕಡೆ ಹಿನ್ನಡೆ, ನಮ್ಮ ಕ್ಷೇತ್ರದಲ್ಲಿ ನಮ್ಮವರೇ ಭಾರೀ ಅಂತರದಲ್ಲಿ ಮುಂದೆ. ಹತ್ತು ಗಂಟೆಗೆಲ್ಲ ಟಿ.ವಿ.ಯವರು ಗೆಲುವು ಘೋಷಿಸಿದ್ದಾರೆ ಎಂದು ಯಾರೋ ಬಂದು ನನ್ನ ಬೆನ್ನು ತಟ್ಟಿದರು. ನಾನು ಬರೆಯುವುದನ್ನು ಅರ್ಧ ನಿಲ್ಲಿಸಿದ್ದೆ. ಅಕ್ಕ ಮಾತ್ರ ಪ್ರತಿ ಯಂತ್ರಕ್ಕೂ ಹಾಳೆಯಲ್ಲಿ ಹೊಸ ಗೆರೆ ಎಳೆದು, ಎಲ್ಲ ಅಭ್ಯರ್ಥಿಗಳ ಸಂಖ್ಯೆ ಬರೆದು, ಕೂಡಿ, ಕೆಳಗೆ ಗೀಟು ಹಾಕುತ್ತಿದ್ದರು.

ನಾಲ್ಕನೆಯ ಸುತ್ತಿನಲ್ಲಿ ಅವರ ತವರಿನ ಮತಗಟ್ಟೆಯ ಯಂತ್ರ ಬಂತು. ಮತದಾನದ ದಿನ ಸಂಜೆ ಬರೆದ ಹಾಳೆಯಲ್ಲಿದ್ದ ಒಟ್ಟು ಮತಕ್ಕೂ ಯಂತ್ರ ತೋರಿಸಿದ ಒಟ್ಟು ಮತಕ್ಕೂ ತಾಳೆಯಾಗಲಿಲ್ಲ. ಯಂತ್ರದಲ್ಲಿ ಸರಿಯಾಗಿ ಐವತ್ತು ಹೆಚ್ಚು. ಸಂಗತಿ ಕೂಡಲೇ ತಿಳಿಯಿತು. ಮತದಾನಕ್ಕೆ ಮೊದಲು ಯಂತ್ರ ಸರಿಯಿದೆಯೇ ಎಂದು ಏಜೆಂಟರ ಎದುರಿಗೆ ಐವತ್ತು ಸಲ ಒತ್ತಿ ನೋಡುತ್ತಾರೆ. ಆಮೇಲೆ ಅದನ್ನು ಅಳಿಸಿ ಸೊನ್ನೆಗೆ ತರಬೇಕು. ಅಲ್ಲಿದ್ದ ಅಧಿಕಾರಿ ಅಳಿಸಲು ಮರೆತಿದ್ದರು. ನಮ್ಮ ಮೇಜಿನ ಮೇಲ್ವಿಚಾರಕರು ಯಂತ್ರವನ್ನು ಬದಿಗಿಟ್ಟು ಮುಂದಿನದನ್ನು ತರಿಸಿದರು.

ಅಕ್ಕ ಎದ್ದು ನಿಂತರು. “ಅದರ ಗತಿ?”

“ಪಕ್ಕಕ್ಕೆ ಇಡ್ತೀವಮ್ಮ. ಗೆಲುವಿನ ಅಂತರ ಆ ಯಂತ್ರದಲ್ಲಿರೋ ಓಟಿಗಿಂತ ಜಾಸ್ತಿ ಇದ್ರೆ ಎಣಿಸೋ ಅಗತ್ಯ ಬೀಳಲ್ಲ. ನಿಯಮ ಹಾಗಿದೆ.”

“ಗುಂಡಿ ಒತ್ತಿದ್ರೆ ಪಕ್ದಲ್ಲಿ ಚೀಟಿ ಬೀಳೋ ಪೆಟ್ಟಿಗೆ ಅದೆಯಲ್ಲ ಸ್ವಾಮಿ. ಮೊದ್ಲು ಒತ್ತಿದ್ದ ಐವತ್ ಚೀಟಿ ಆವತ್ತೇ ತಗ್ದು ಬೇರೆ ಕವರಿಗೆ ಆಕವ್ರೆ. ಮಿಕ್ಕಿದ್ ಚೀಟಿ ಎಣಿಸಿ.”

ಮೇಲಿನ ಅಧಿಕಾರಿ ಬಂದರು. ವಯಸ್ಸು ಚಿಕ್ಕದು, ಮಾತು ಮೃದು. “ನೋಡೀಮ್ಮ, ಈ ಒಂದು ಬೂತಿನಿಂದ ಫಲಿತಾಂಶ ಬದಲಾಗಲ್ಲ” ಎಂದರು.

“ಫಲಿತಾಂಶ ಬದಲಾಯ್ಸಕ್ಕೆ ಬಂದಿಲ್ಲ ಸ್ವಾಮಿ ನಾನು. ಎಣಿಸಕ್ಕೆ ಬಂದಿವ್ನಿ.”

ಆ ಮೇಜಿನ ಹಾಳೆಗೆ ನಾನು ರುಜು ಹಾಕಿದೆ. ಉಳಿದವರೂ ಹಾಕಿದರು. ಅಕ್ಕ ಪೆನ್ನಿಗೆ ಮುಚ್ಚಳ ಹಾಕಿ ಕೈ ಕಟ್ಟಿ ನಿಂತರು. ಊಟದ ಹೊತ್ತು ಹತ್ತಿರವಾಗಿತ್ತು, ಎಲ್ಲರ ಮುಖದಲ್ಲೂ ಬೇಸರ. ನಾನು ಅವರ ಸೆರಗಿನ ತುದಿ ಎಳೆದು ಮೆಲ್ಲಗೆ ಹೇಳಿದೆ: “ಬುಡಿ ಅಕ್ಕ. ಆ ಬೂತಲ್ಲಿ ನಿಮ್ ಕ್ಯಾಂಡಿಡೇಟಿಗೆ ಹತ್ತು ಓಟೂ ಬಿದ್ದಿರಲ್ಲ.”

ಅವರು ತಿರುಗಿ ನೋಡಿದರು. ದನಿ ಏರಿಸಲಿಲ್ಲ. ಅದೇ ನನಗೆ ಹೆಚ್ಚು ತಾಗಿತು.

“ನನ್ ಊರು ನಂಗೊತ್ತು ಕಣೋ. ಅಲ್ಲಿ ಬಿದ್ದಿರೋದೆಲ್ಲ ನಿಮ್ಮೋರಿಗೇಯ. ನಿಮ್ಮೋರ ಓಟಿಗೆ ನಾನ್ ನಿಂತಿವ್ನಿ. ನೀನ್ ಕುಂತಿದ್ದೀಯ.”

ಬೆಂಚಿನಿಂದ ಏಳಬೇಕು ಅನ್ನಿಸಿತು. ಏಳಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಅಕ್ಕನ ಚಿತ್ರ ಪೂರ್ತಿಯಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವರು ಅಲ್ಲೇ ಕೂತು ಎರಡು ಹಾಳೆಯ ಅರ್ಜಿ ಬರೆದರು. ಅಕ್ಷರ ಗುಂಡಗೆ, ಹೊಲಿಗೆಯ ಹಾಗೆ ಒಂದೇ ಸಮ. ಅದನ್ನು ಕೊಟ್ಟು, ಸ್ವೀಕರಿಸಿದ್ದಕ್ಕೆ ಮೊಹರು ಹಾಕಿಕೊಡಿ ಎಂದು ಪಟ್ಟು ಹಿಡಿದರು. ಸಂಜೆ ನಮ್ಮವರು ಗೆದ್ದರು. ಹೊರಗೆ ಪಟಾಕಿ, ತಮಟೆ. ನನ್ನನ್ನು ಯಾರೋ ಹೆಗಲ ಮೇಲೆ ಕೂರಿಸಿಕೊಂಡು ಕುಣಿದರು. ಆ ಎತ್ತರದಿಂದ ನೋಡಿದಾಗ ಕಾಲೇಜಿನ ಮೆಟ್ಟಿಲಿಳಿದು ಬರುತ್ತಿದ್ದ ಅಕ್ಕ ಕಂಡರು. ಕೈಯಲ್ಲಿ ಮೊಹರು ಬಿದ್ದ ಹಾಳೆ. ಗುಲಾಲು ತಾಗದಂತೆ ಅದನ್ನು ಸೆರಗಿನೊಳಗೆ ಸೇರಿಸಿಕೊಂಡು ಬಸ್ಸಿನ ಕಡೆ ನಡೆದರು.

ವಾರಗಳು ಕಳೆದ ಮೇಲೆ ಉತ್ತರ ಬಂತು. ನಿಯಮದಂತೆ ನಡೆದುಕೊಳ್ಳಲಾಗಿದೆ, ಸದರಿ ಮತಗಳು ಫಲಿತಾಂಶದ ಮೇಲೆ ಪರಿಣಾಮ ಬೀರುವುದಿಲ್ಲ. ಅಕ್ಕ ಅದರ ಪ್ರತಿ ಮಾಡಿಸಲು ನನ್ನಲ್ಲಿಗೇ ಬಂದರು. ಮಾರನೆಯ ಬೆಳಿಗ್ಗೆ ಆರು ಗಂಟೆಗೆ ತವರೂರಿನ ಡೈರಿಯ ಮುಂದೆ, ಹಾಲು ಹಾಕಲು ಸಾಲು ನಿಂತವರ ಎದುರು, ಅದನ್ನು ಗಟ್ಟಿಯಾಗಿ ಓದಿದರು. ನಾನೂ ಜೊತೆಗೆ ಹೋಗಿದ್ದೆ. ಗಾಡಿ ಓಡಿಸಲು ಬಾ ಅಂದಿದ್ದರು, ಇಲ್ಲ ಎನ್ನುವ ಮುಖ ನನಗಿರಲಿಲ್ಲ.

ಅವರ ದೊಡ್ಡಣ್ಣ ಮೊದಲು ಬಾಯಿ ಬಿಟ್ಟರು. “ಗೆದ್ದಿರೋರು ನಮ್ಮೋರೇ ಅಲ್ವಾ? ಇನ್ನೇನು ನಿನ್ನ ರಗಳೆ?”

“ಗೆದ್ದೋನ್ಗೆ ಬ್ಯಾಡ್ದೆ ಇರ್ಬೌದು. ನನ್ ಓಟು ನಂಗೆ ಬೇಕು.”

ಸಾಲಿನಲ್ಲಿದ್ದ ಒಬ್ಬ ಅಜ್ಜಿ, ಮಂಡಿ ನೋವಿನಲ್ಲೂ ಮೊಮ್ಮಗಳ ಹೆಗಲು ಹಿಡಿದು ನಡೆದು ಬಂದು ಓಟು ಹಾಕಿದ್ದಾಕೆ, ಹಾಲಿನ ಕ್ಯಾನು ಕೆಳಗಿಟ್ಟು ಕೇಳಿದರು: “ಅಂಗಾರೆ ನಾನ್ ಓಟ್ ಆಕೇ ಇಲ್ವಾ ಮಗ?”

“ಆಕಿದ್ದೀಯ ಕಣವ್ವ. ಎಣಿಸಿಲ್ಲ.”

ಅಕ್ಕ ಬರೆದು ತಂದಿದ್ದ ಹೊಸ ಅರ್ಜಿಗೆ ಅಜ್ಜಿಯೇ ಮೊದಲು ಹೆಬ್ಬೆಟ್ಟು ಒತ್ತಿದರು. ಹಾಲಿನ ಸಾಲು ಕರಗುವುದರೊಳಗೆ ಮೂರು ಹಾಳೆ ತುಂಬಿದವು. ದೊಡ್ಡಣ್ಣ ಕೊನೆಯಲ್ಲಿ ಬಂದು, ತಂಗಿಯ ಮುಖ ನೋಡದೆ, ಇಂಗ್ಲಿಷಿನಲ್ಲಿ ರುಜು ಮಾಡಿ ಹೋದರು.

ಆ ಅರ್ಜಿಗೂ ಮೊದಲಿನ ಉತ್ತರವೇ ಬಂತು. ಪಾಂಡವಪುರದಲ್ಲಿ ಮಾತ್ರ ಬಿಸಿ ಏರಿತು. ನಮ್ಮ ಪಕ್ಷದವರಿಗೆ ಇದು ಗೆಲುವಿಗೆ ಮಸಿ ಬಳಿಯುವ ಕೆಲಸ ಎನ್ನಿಸಿತು. ಮುಖಂಡರೊಬ್ಬರ ಮನೆಯ ಮದುವೆಗೆಂದು ಕೊಟ್ಟಿದ್ದ ರವಿಕೆಗಳನ್ನು ಹೊಲಿಯುವ ಮೊದಲೇ ವಾಪಸು ಒಯ್ದರು. ಅವರನ್ನು ನೋಡಿ ಇನ್ನೂ ಹತ್ತಾರು ಮನೆಯವರು ಬೇರೆ ಟೈಲರ್ ಹಿಡಿದರು. ಇನ್ನು ಅರ್ಜಿ ಬರೆಯುವುದನ್ನು ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳಿಕಳಿಸಿದರು. ಹೇಳಲು ಬಂದವನು ನಾನೇ.

ಅಕ್ಕ ಪೂರ್ತಿ ಕೇಳಿ, ನನ್ನಿಂದಲೇ ಒಂದು ರಟ್ಟು ಈಸಿಕೊಂಡರು. ಮಧ್ಯಾಹ್ನಕ್ಕೆ ಅಂಗಡಿಯ ಮುಂದೆ ಅದು ತೂಗುತ್ತಿತ್ತು: ‘ಇಲ್ಲಿ ಎಲ್ಲ ಪಕ್ಷದವರ ಬ್ಲೌಸುಗಳನ್ನು ಹೊಲಿದುಕೊಡಲಾಗುವುದು.’ ರಸ್ತೆಯಲ್ಲಿ ಹೋಗುವವರು ಓದಿ ನಗುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಹೆಂಗಸರು ಮರಳಿ ಬಂದರು. ಕೊನೆಯಲ್ಲಿ ಆ ಮುಖಂಡರ ಹೆಂಡತಿಯೂ ಬಂದು, ಬೇರೆಯವರು ಕೆಡಿಸಿದ ರವಿಕೆಯನ್ನು ಚೀಲದಿಂದ ತೆಗೆದು ಮುಂದಿಟ್ಟರು. ಅಕ್ಕ ಟೇಪು ತೆಗೆದುಕೊಂಡು ಎದ್ದರು.

ಮುಂದಿನ ಲೋಕಸಭೆ ಚುನಾವಣೆಯ ಹೊತ್ತಿಗೆ ಅಕ್ಕ ಸೊರಗಿದ್ದರು. ಊಟ ಸೇರುತ್ತಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು. ಆದರೂ ಮತದಾನದ ದಿನ ಬೆಳಿಗ್ಗೆ ಐದಕ್ಕೆ ತವರಿನ ಶಾಲೆಯ ಮತಗಟ್ಟೆಯಲ್ಲಿದ್ದರು, ಅದೇ ನೀರುಗಂಟಿಯ ಏಜೆಂಟಾಗಿ. ಪರೀಕ್ಷೆಯ ಐವತ್ತು ಓಟು ಒತ್ತಿದ್ದಾಯಿತು. ಅಧಿಕಾರಿ ಅಳಿಸುವ ಗುಂಡಿ ಒತ್ತಿ, ಆಯ್ತು ಎಂದರು.

“ಆಯ್ತು ಅನ್ಬೇಡಿ ಸ್ವಾಮಿ. ತೋರ್ಸಿ.”

ಯಂತ್ರವನ್ನು ಎಲ್ಲ ಏಜೆಂಟರ ಕಣ್ಣ ಮುಂದೆ ಹಿಡಿಸಿ, ಪ್ರತಿ ಅಭ್ಯರ್ಥಿಯ ಮುಂದೂ ಸೊನ್ನೆ ಬರುವುದನ್ನು ಒಬ್ಬೊಬ್ಬರ ಬಾಯಿಂದಲೂ ಓದಿಸಿದರಂತೆ. ದೊಡ್ಡಣ್ಣನೂ ಅಲ್ಲಿದ್ದರು, ನಮ್ಮ ಪಕ್ಷದ ಏಜೆಂಟಾಗಿ. ಅವರೂ ಸೊನ್ನೆ, ಸೊನ್ನೆ ಎಂದು ಓದಿದರಂತೆ.

ಎಣಿಕೆಗೆ ಎರಡು ವಾರ ಇರುವಾಗ ಹೊಟ್ಟೆಯಲ್ಲಿ ಗೆಡ್ಡೆ ಇರುವುದು ತಿಳಿಯಿತು. ನಾಗಮಂಗಲದಲ್ಲಿದ್ದ ತಂಗಿ ಕರೆದುಕೊಂಡು ಹೋಗಿ ಬೆಳ್ಳೂರಿನ ಕಡೆಯ ಆಸ್ಪತ್ರೆಗೆ ಸೇರಿಸಿದರು. ನಾನು ನೋಡಲು ಹೋದಾಗ ಅಕ್ಕ ಕಾಯಿಲೆಯ ಮಾತೇ ಎತ್ತಲಿಲ್ಲ. “ಎಣಿಸೋ ದಿನ ನಮ್ ಮೇಜ್ಗೆ ಯಾರ್ ಓಯ್ತಾರೆ?” ಎಂದರು.

“ನಾನ್ ಓಯ್ತೀನಿ.”

“ನಿಮ್ಮೋರ ಕಡಿಂದ್ಲಾ?”

“ಇಲ್ಲ. ನಿಮ್ ಕಡಿಂದ.”

ಅವರು ನನ್ನನ್ನೇ ನೋಡಿದರು. “ಗೀಟಾಕಿ ಬರ್ಕೊ. ನಿಂಗೆ ನೆಟ್ಟಗೆ ಕೂಡಕ್ ಬರಲ್ಲ” ಎಂದರು.

ಪಕ್ಷದಲ್ಲಿ ಈ ಮಾತು ಹೇಳಿದಾಗ ನಮ್ಮ ಮುಖಂಡರು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ಕರಪತ್ರದ ಕೆಲಸ ಬೇರೆ ಅಂಗಡಿಗೆ ಹೋಯಿತು. ಹೋಗಲಿ ಎಂದುಕೊಂಡೆ. ನೀರುಗಂಟಿಯ ಕಡೆಯಿಂದ ಪಾಸು ಮಾಡಿಸಿಕೊಂಡು ಎಣಿಕೆಯ ದಿನ ಅದೇ ಕಾಲೇಜಿನ ಜಾಲರಿಯ ಮುಂದೆ ಕೂತೆ. ಅಂದು ದೇಶದ ಲೆಕ್ಕವೇ ಬೇರೆ ಇತ್ತು. ಸಮೀಕ್ಷೆಗಳು ಹೇಳಿದ್ದೊಂದು, ಬರುತ್ತಿದ್ದ ಸುತ್ತುಗಳು ಇನ್ನೊಂದು. ಒಳಗೆ ಬಂದವರೆಲ್ಲ ದೆಹಲಿಯ ಸುದ್ದಿ ಪಿಸುಗುಡುತ್ತಿದ್ದರು. ನಾನು ತಲೆಯೆತ್ತದೆ ಗೀಟು ಹಾಕಿಕೊಂಡು ಬರೆದೆ. ಐದನೆಯ ಸುತ್ತಿನಲ್ಲಿ ಆ ಊರಿನ ಯಂತ್ರ ಬಂತು. ಹಾಳೆಯ ಒಟ್ಟು ಮೊತ್ತ ಓದಿದರು. ಯಂತ್ರದ ಒಟ್ಟು ಮೊತ್ತ ತೋರಿಸಿದರು. ಎರಡೂ ಒಂದೇ. ಎಲ್ಲ ಸಂಖ್ಯೆ ಬರೆದು, ಎರಡು ಸಲ ಕೂಡಿ, ರುಜು ಹಾಕಿ ಹೊರಗೆ ಓಡಿದೆ.

ಗೇಟಿನಲ್ಲಿ ಮೊಬೈಲು ಪಡೆದು ಕರೆ ಮಾಡಿದರೆ ಅಕ್ಕನ ತಂಗಿ ಎತ್ತಿದರು. ಹಿಂದೆ ವಾರ್ಡಿನ ಟಿ.ವಿ. ಜೋರಾಗಿ ಕೂಗುತ್ತಿತ್ತು. ಸುತ್ತಲಿನವರೆಲ್ಲ ದೇಶದ ಮುನ್ನಡೆ ಹಿನ್ನಡೆ ನೋಡುತ್ತಾ ಗಲಾಟೆ ಮಾಡುತ್ತಿದ್ದರು. ಆ ಗದ್ದಲದ ನಡುವೆ ಅಕ್ಕನ ದನಿ, ಸಣ್ಣಗಾಗಿದ್ದರೂ ಹರಿತವಾಗಿಯೇ ಇತ್ತು: “ವಸಿ ಟಿ.ವಿ. ಮುಚ್ರಪ್ಪ. ನಮ್ಮೂರ್ ರಿಸಲ್ಟು ಬತ್ತಾ ಅದೆ.”

ಟಿ.ವಿ. ನಿಂತಿತು. ನಾನು ಒಂದನೆಯ ಹೆಸರಿನಿಂದ ಶುರುಮಾಡಿ, ‘ಯಾರಿಗೂ ಇಲ್ಲ’ ಎಂಬ ಕೊನೆಯ ನೋಟಾ ಗುಂಡಿಯವರೆಗೆ ಓದಿದೆ. ಪ್ರತಿ ಸಂಖ್ಯೆಗೂ ಅವರು ಹೂಂ ಎನ್ನುತ್ತಿದ್ದರು. ಇಸ್ತ್ರಿಪೆಟ್ಟಿಗೆಗೆ ಬಂದದ್ದು ಒಂಬತ್ತು.

“ಒಂಬತ್ತೂ ಎಣಿಸುದ್ರಾ?”

“ಎಣಿಸುದ್ರು ಅಕ್ಕ. ಎಲ್ಲಾವ್ನೂ ಎಣಿಸುದ್ರು. ತಾಳೆ ಆಯ್ತು.”

ಅಕ್ಕ ಅಳುತ್ತಾರೇನೋ ಎಂದುಕೊಂಡೆ.

“ಈಗೆಲ್ಲಿದ್ದೀಯ?” ಎಂದರು.

“ಗೇಟ್ ತಾವ. ನಿಮ್ಗೆ ಯೋಳನಾ ಅಂತ ಆಚೆ ಬಂದೆ.”

“ಎಷ್ಟ್ ರೌಂಡ್ ಮುಗ್ದದೆ?”

“ಐದು.”

“ಇನ್ನೂ ಬೇಕಾದಷ್ಟು ಬಾಕಿ ಅದೆಯಲ್ಲೋ! ಮಿಕ್ಕಿದ್ ಊರ್ನೋರು ಓಟ್ ಆಕಿಲ್ವಾ? ಆಚ್ಗೆ ನಿಂತ್ಕೊಂಡ್ ಏನ್ ಮಾಡ್ತಾ ಇದ್ದೀಯ?”

“ಒಂದ್ಸಲ ಆಚೆ ಬಂದ್ರೆ ಮತ್ತೆ ಒಳಕ್ಕೆ ಬುಡಲ್ಲ ಅಂತಾವ್ರೆ ಕಣಕ್ಕ.”

“ಬುಡ್ದೆ ಏನ್ ಮಾಡಾರು? ನಿಂತ್ಕೊಂಡ್ ಕೇಳು. ಓಗು.”

ಕರೆ ಕಡಿದರು. ನಾನು ಮೊಬೈಲನ್ನು ಮತ್ತೆ ಕಿಟಕಿಯಲ್ಲಿ ಕೊಟ್ಟು, ಪಾಸನ್ನು ಅಂಗಿಯ ಮೇಲೆ ಕಾಣುವಂತೆ ಸಿಕ್ಕಿಸಿಕೊಂಡು, ಗೇಟಿಗೆ ಅಡ್ಡ ನಿಂತಿದ್ದ ಪೊಲೀಸರ ಮುಂದೆ ಹೋಗಿ ನಿಂತೆ.